ಗಡಿ ದಾಟಿದ ಬಂಧನ: ಕಾನೂನಿನ ಮಿತಿ ಎಲ್ಲಿಯವರೆಗೆ?

ಮಧುಗಿರಿ, ಶಿರಾ, ಪಾವಗಡಗಳು ಆಂಧ್ರದ ಗಡಿಗೆ ಹೊಂದಿಕೊಂಡ ತಾಲೂಕುಗಳು. ಹೊರಗಿನ ಪೊಲೀಸರು ಇಲ್ಲಿ ಬಂಧಿಸುವಂತಿಲ್ಲ ಎಂಬುದು ನಮ್ಮಲ್ಲಿ ಹಲವರ ತಪ್ಪು ಗ್ರಹಿಕೆ. ವಾರಂಟ್ ಇಲ್ಲದೆ ಬಂಧಿಸಬಹುದಾದ ವ್ಯಕ್ತಿಯನ್ನು ದೇಶದ ಯಾವುದೇ ಸ್ಥಳಕ್ಕೆ ಬೆನ್ನಟ್ಟಲು ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 45ನೇ ಕಲಂ ಅನುಮತಿಸುತ್ತದೆ. ಆದರೆ ಗಡಿ ದಾಟುವ ಅಧಿಕಾರವು ಸಂವಿಧಾನವನ್ನು ಮೀರುವ ಅಧಿಕಾರವಲ್ಲ. ಬಂಧನದ ಕಾರಣ ತಿಳಿಸಬೇಕು. ಮನೆಯವರಿಗೆ ಮಾಹಿತಿ ನೀಡಬೇಕು. ಪ್ರಯಾಣದ ಅವಧಿ ಬಿಟ್ಟು 24 ಗಂಟೆಗಳೊಳಗೆ ಮ್ಯಾಜಿಸ್ಟ್ರೇಟರ ಮುಂದೆ ಹಾಜರುಪಡಿಸಬೇಕು. 2021ರ ಫೆಬ್ರವರಿಯಲ್ಲಿ ದಿಲ್ಲಿ ಪೊಲೀಸರು ದಿಶಾ ರವಿಯವರನ್ನು ಬೆಂಗಳೂರಿನಿಂದ ಕೊಂಡೊಯ್ದಾಗ, ಸ್ಥಳೀಯ ನ್ಯಾಯಾಲಯಕ್ಕೆ ಏಕೆ ಹಾಜರುಪಡಿಸಲಿಲ್ಲವೆಂಬ ಪ್ರಶ್ನೆ ಎದ್ದಿತ್ತು.

ಜೀಪನ್ನು ಅಡ್ಡಗಟ್ಟುವುದು ಪರಿಹಾರವಲ್ಲ; ಬಾಗಿಲು ಮುಚ್ಚಿ ಕಣ್ಣೀರಿಡುವುದೂ ಅಲ್ಲ. ಅಧಿಕಾರಿಯ ಹೆಸರು, ಠಾಣೆ, ಕಾರಣಗಳನ್ನು ಕೇಳಿ ಬರೆದಿಟ್ಟುಕೊಳ್ಳೋಣ. ಕೊರಟಗೆರೆಯಿಂದ ಪಾವಗಡದವರೆಗಿನ ಪ್ರತಿಯೊಂದು ಜಮಾಅತ್ ಒಬ್ಬ ವಕೀಲರ ದೂರವಾಣಿ ಸಂಖ್ಯೆಯನ್ನು ಮಸೀದಿಯ ಫಲಕದಲ್ಲಿ ಬರೆಸಲಿ.