ಕೇಳುವವರ ಪಾಲು

ಅಸ್ಪಷ್ಟ ಮಾತನ್ನು ಬಿಡಿಸಿ ಹೇಳುವ ಆ್ಯಪ್‌ಗಳು ಬರುತ್ತಿವೆ, ಇನ್ನು ಈ ಸಮಸ್ಯೆ ಮುಗಿದ ಹಾಗೆ ಎಂಬ ಮಾತು ಈಚೆಗೆ ಆಗಾಗ ಕಿವಿಗೆ ಬೀಳುತ್ತಿದೆ. ಇಂಥ ಮಾತನ್ನು ಗುರುತಿಸಲು ಯಂತ್ರಕ್ಕೆ ಕಲಿಸುವ ಯುಫೋನಿಯಾ ಯೋಜನೆಯನ್ನು ಗೂಗಲ್ 2019ರಲ್ಲಿ ಪ್ರಕಟಿಸಿದ ಮೇಲಂತೂ ಈ ನಂಬಿಕೆಗೆ ಬಲ ಬಂದಿದೆ. ಬರಲಿ, ಬೇಕು. ಆದರೆ ಆ ಯಂತ್ರ ಮಾಡುವುದೇನು? ಅಸ್ಪಷ್ಟವಾಗಿ ಮಾತಾಡುವವರ ಮಾತನ್ನು ಮತ್ತೆ ಮತ್ತೆ ಕೇಳಿ ಕಲಿಯುತ್ತದೆ. ಮನುಷ್ಯನ ಕಿವಿಗೂ ಅದು ಸಾಧ್ಯ. ಅಷ್ಟು ಹೊತ್ತು ಕೊಡಲು ನಾವು ತಯಾರಿಲ್ಲ.

ಭೌತವಿಜ್ಞಾನಿ ಸ್ಟೀಫನ್ ಹಾಕಿಂಗ್ ಎಂದರೆ ಎಲ್ಲರಿಗೂ ಕಂಪ್ಯೂಟರಿನ ದನಿ ನೆನಪಾಗುತ್ತದೆ. ಅದು ಬಂದದ್ದು 1985ರಲ್ಲಿ ನ್ಯುಮೋನಿಯಾ ಆಗಿ, ಗಂಟಲಿನ ಶಸ್ತ್ರಚಿಕಿತ್ಸೆಯಿಂದ ಅವರ ಸ್ವಂತ ದನಿ ಹೋದ ಮೇಲೆ. ಅದಕ್ಕೆ ಮುಂಚೆ ವರ್ಷಗಟ್ಟಲೆ ಅವರ ಮಾತು ಕಲಸಿಹೋಗಿ, ಹತ್ತಿರದವರಿಗೆ ಮಾತ್ರ ತಿಳಿಯುವಂತಿತ್ತು. ಆದರೂ ಉಪನ್ಯಾಸ ಕೊಡುತ್ತಿದ್ದರು. ಅವರು ಹೇಳಿದ್ದನ್ನು ಪಕ್ಕದಲ್ಲಿದ್ದವರೊಬ್ಬರು ಸಭೆಗೆ ಗಟ್ಟಿಯಾಗಿ ಹೇಳುತ್ತಿದ್ದರು. ವಿಜ್ಞಾನ ಲೇಖನಗಳನ್ನು ಕಾರ್ಯದರ್ಶಿಗೆ ಹೇಳಿ ಬರೆಸುತ್ತಿದ್ದರು. ಆ ಕೇಳುಗರು ದಿನವೂ ಜೊತೆಗಿದ್ದರು, ಕೇಳುತ್ತ ಕೇಳುತ್ತ ತಿಳಿಯತೊಡಗಿತು. ಅದೇ ಮಾತು ಒಬ್ಬರಿಗೆ ಭೌತವಿಜ್ಞಾನ, ಇನ್ನೊಬ್ಬರಿಗೆ ಬರೀ ಗೊಣಗು ಎಂದಾದರೆ, ಕೊರತೆಯನ್ನೆಲ್ಲ ಆಡುವವರ ನಾಲಿಗೆಯ ಮೇಲೇ ಹೊರಿಸುವುದು ಯಾವ ನ್ಯಾಯ?

ಪದೇ ಪದೇ ‘ಏನಂದಿರಿ?’ ಎಂದರೆ ಆಡುವವರಿಗೆ ನೋವಾಗುವುದಿಲ್ಲವೇ ಎಂಬ ಅಳುಕನ್ನು ನಾನು ತಳ್ಳಿಹಾಕಲಾರೆ. ಲಕ್ವ ಹೊಡೆದವರಿಗೆ, ಪಾರ್ಕಿನ್ಸನ್ ಇರುವವರಿಗೆ ಒಂದೊಂದು ವಾಕ್ಯವೂ ದಣಿವು. ದಣಿದಷ್ಟೂ ಮಾತು ಮತ್ತಷ್ಟು ಕೆಡುತ್ತದೆ. ಆದರೆ ಇಡೀ ವಾಕ್ಯವನ್ನು ಮತ್ತೆ ಹೇಳಿಸಬೇಕಿಲ್ಲವಲ್ಲ. ‘ನಾಳೆ ಬ್ಯಾಂಕಿಗೆ ಅಂದಿರಿ, ಯಾರ ಜೊತೆ ಅನ್ನೋದು ತಿಳಿಯಲಿಲ್ಲ’ ಎಂದರೆ ಒಂದೇ ಪದದಲ್ಲಿ ಉತ್ತರ ಬರುತ್ತದೆ. ಟಿವಿ ಆರಿಸಿ, ಎದುರು ಕೂತು ತುಟಿ ನೋಡಿದರೆ ಎಷ್ಟೋ ಹಗುರ. ಹಾಗೂ ತಿಳಿಯದಿದ್ದರೆ ಪ್ರತಿ ಪದದ ಮೊದಲ ಅಕ್ಷರವನ್ನು ಹಲಗೆಯ ಮೇಲೆ ತೋರಿಸಿಕೊಂಡು ಮಾತಾಡುವ ದಾರಿ ಇದೆ. ಮೊದಲು ಅವರು ಸರಿಯಾಗಿ ಮಾತಾಡಲು ಕಲಿಯಲಿ ಎನ್ನುವವರೊಡನೆ ವಾದವೇ ಬೇಡ.

ನನಗೆ ಸಹಿಸಲಾಗದ್ದು, ಏನೂ ತಿಳಿಯದೆ ‘ಹೌದು ಹೌದು’ ಎಂದು ತಲೆಯಾಡಿಸುವ ಮರ್ಯಾದೆ. ನೀವು ಹೇಳುವುದು ತಿಳಿಯದಿದ್ದರೂ ನಡೆಯುತ್ತದೆ ಎಂದು ಮುಖದ ಮೇಲೇ ಹೇಳಿದಂತೆ ಅದು. ಅದಕ್ಕಿಂತ ಹೀನವಾದದ್ದು, ಬ್ಯಾಂಕಿನಲ್ಲಿ ಎದುರಿಗಿರುವವರನ್ನು ಬಿಟ್ಟು ಜೊತೆಗೆ ಬಂದ ಮಗನನ್ನು ‘ಇವರಿಗೆ ಏನಾಗಬೇಕಂತೆ?’ ಎಂದು ಕೇಳುವುದು. ಸೋತದ್ದು ನಾಲಿಗೆಯ ಸ್ನಾಯು. ತಮ್ಮ ಖಾತೆಯಲ್ಲಿ ಎಷ್ಟಿದೆಯೆಂದು ಅವರಿಗೆ ಚೆನ್ನಾಗಿ ಗೊತ್ತು.

2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಹೆಸರಿಸಿದ 21 ಬಗೆಗಳಲ್ಲಿ ವಾಕ್ ಮತ್ತು ಭಾಷಾ ವೈಕಲ್ಯವೂ ಒಂದು. ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಂಥಲ್ಲಿ ಆಡುವವರಿಗೆ ತರಬೇತಿ ಸಿಗುತ್ತದೆ. ಬ್ಯಾಂಕು, ಪೊಲೀಸ್ ಠಾಣೆ, ಆಸ್ಪತ್ರೆಯ ಸಿಬ್ಬಂದಿಗೂ ಇಂಥ ಮಾತಿನ ಧ್ವನಿಮುದ್ರಣ ಕೇಳಿಸಿ ಕಿವಿ ಪಳಗಿಸಬೇಕು. ಸ್ವಲ್ಪ ಹೊತ್ತಿನ ಅಭ್ಯಾಸದಿಂದಲೇ ಗ್ರಹಿಕೆ ಹೆಚ್ಚುವುದನ್ನು ಸಂಶೋಧಕರು ಕಂಡಿದ್ದಾರೆ. ಇದಕ್ಕೆ ಹೊಸ ಯಂತ್ರವೂ ಬೇಡ, ದೊಡ್ಡ ಅನುದಾನವೂ ಬೇಡ.