ಪಿಸ್ತೂಲಿನ ಬೆಲೆಯೋ, ತೋಟೆಯ ಬೆಲೆಯೋ?

ಅಮೆರಿಕದ ಒಹಾಯೋ ರಾಜ್ಯದಲ್ಲಿ ಕಾರ್ಖಾನೆಯೊಂದರ ಲೇತಿನ ಮುಂದೆ ನಿಂತು ದುಡಿಯುವ ನಮ್ಮ ಜಿಲ್ಲೆಯ ಗೆಳೆಯರೊಬ್ಬರು ಈ ಪತ್ರಿಕೆಗೆ ಹಳೆಯ ಚಂದಾದಾರರು. ಅವರಿಂದ ಪತ್ರ ಬಂದಿದೆ. ಎಂದಿನಂತೆ ಊರಿನ ಮಳೆಬೆಳೆ ವಿಚಾರಿಸಿ, ಕೊನೆಯಲ್ಲಿ ಒಂದು ಪ್ರಶ್ನೆ ಕೇಳಿದ್ದಾರೆ. ರಜಾದಿನಗಳಲ್ಲಿ ಗುರಿ ಹೊಡೆಯುವ ಕ್ಲಬ್ಬಿಗೆ ಹೋಗತೊಡಗಿದ್ದಾರಂತೆ, ಸ್ವಂತಕ್ಕೆ ಒಂದು.45 ಪಿಸ್ತೂಲು ಬೇಕಂತೆ. ಅಂಗಡಿಯವನು ಮೂರು ಸಾವಿರ ಡಾಲರಿನದೊಂದನ್ನು ಮುಂದಿಟ್ಟು, ಕಂತಿನ ಮೇಲೆ ಕೊಡುತ್ತೇನೆ ಎಂದಿದ್ದಾನಂತೆ. "ಸಾಲ ಮಾಡಿಯಾದರೂ ಒಳ್ಳೆಯದನ್ನೇ ಕೊಳ್ಳಲೋ, ಅಗ್ಗದ್ದಕ್ಕೆ ಹೋಗಲೋ?" ಎಂಬುದು ಅವರ ಪ್ರಶ್ನೆ.

ಪಿಸ್ತೂಲಿನ ವಿಚಾರದಲ್ಲಿ ಬುದ್ಧಿ ಹೇಳಲು ನಮಗೇನು ಅಧಿಕಾರ ಎಂದು ವಾಚಕರು ಕೇಳಬಹುದು. ಕೇಳಬೇಕಾದ್ದೇ. ನಾವು ಎನ್.ಸಿ.ಸಿ. ಶಿಬಿರದಲ್ಲಿ .22 ರೈಫಲಿನಿಂದ ಐದು ತೋಟೆ ಹಾರಿಸಿದವರು, ಅಷ್ಟೆ. ಹುಲ್ಲಿನಲ್ಲಿ ಬಿದ್ದ ಐದು ಖಾಲಿ ಕೊಳವೆಗಳನ್ನೂ ಹುಡುಕಿ ಲೆಕ್ಕ ಒಪ್ಪಿಸಿದ ಮೇಲೆಯೇ ನಮಗೆ ಉಪ್ಪಿಟ್ಟು. ಆದರೆ ಐದು ತೋಟೆಯಲ್ಲಿ ಯಾರೂ ಗುರಿಕಾರರಾಗುವುದಿಲ್ಲ ಎಂಬುದು ಅಂದೇ ಮನಸ್ಸಿಗೆ ಹತ್ತಿತ್ತು. ಗೆಳೆಯರ ಪತ್ರ ಬಂದ ಮೇಲೆ ಕುಳಿತು ಓದಿ, ಲೆಕ್ಕ ಹಾಕಿ ನೋಡಿದೆವು. ಅದೇ ಮಾತು ಮತ್ತೆ ಎದುರಿಗೆ ಬಂತು.

ಇಲ್ಲಿನ ಓದುಗರಿಗೆ ಒಂದು ಮಾತು. ನಮ್ಮ ದೇಶದಲ್ಲಿ 1959ರ ಶಸ್ತ್ರ ಕಾಯಿದೆ ಇದೆ. ಅಂಗಡಿಗೆ ಹೋಗಿ ಪಿಸ್ತೂಲು ಆರಿಸುವ ಭಾಗ್ಯವೋ ದೌರ್ಭಾಗ್ಯವೋ ನಮಗಿಲ್ಲ. ಅಮೆರಿಕದಲ್ಲಿಯೂ, ಬರೀ ಕೆಲಸದ ವೀಸಾದ ಮೇಲೆ ಹೋದವನು ಸಾಮಾನ್ಯವಾಗಿ ಬಂದೂಕು ಕೊಳ್ಳುವಂತಿಲ್ಲ. ಹಾಗೆ ಹೋಗಿರುವ ನಮ್ಮ ಹುಡುಗರು ಇದನ್ನು ಓದಿ ಅಂಗಡಿ ಹತ್ತಬಾರದು. ಪತ್ರ ಬರೆದ ಗೆಳೆಯರು ಅಲ್ಲಿನ ಕಾಯಂ ನಿವಾಸಿಗಳು.

ಈಗ ಆಟದ ವಿಚಾರ. ಅಲ್ಲಿ ಇದಕ್ಕೆ ಬುಲ್ಸ್‌ಐ ಎನ್ನುತ್ತಾರೆ. ಒಂದೇ ಕೈಯನ್ನು ನೀಡಿ ಹಿಡಿದು, 50 ಗಜದಲ್ಲಿ ನಿಧಾನವಾಗಿ, 25 ಗಜದಲ್ಲಿ ಐದು ಗುಂಡನ್ನು 20 ಸೆಕೆಂಡಿನಲ್ಲಿ, ಮತ್ತೆ ಐದನ್ನು 10 ಸೆಕೆಂಡಿನಲ್ಲಿ ಹೊಡೆಯಬೇಕು. 50 ಗಜದ ಹಲಗೆಯಲ್ಲಿ ಹತ್ತು ಅಂಕದ ವೃತ್ತದ ಅಗಲ 3.36 ಅಂಗುಲ, ಒಂದು ಚಿಕ್ಕ ಬಟ್ಟಲಿನಷ್ಟು. ಪೂರ್ಣ ಪಂದ್ಯಕ್ಕೆ 270 ಗುಂಡು, 2700 ಅಂಕ. 90 ಗುಂಡು .22ರಲ್ಲಿ, 90 ಸೆಂಟರ್‌ಫೈರ್ ಎಂಬ ವರ್ಗದಲ್ಲಿ, 90 ಗುಂಡು .45ರಲ್ಲಿ. ಬಹುಮಂದಿ ನಡುವಿನ ವರ್ಗಕ್ಕೂ .45ನ್ನೇ ಬಳಸುತ್ತಾರೆ. ಆಗ ಒಂದು ಪಂದ್ಯಕ್ಕೆ .45 ತೋಟೆಗಳು 180 ಆದವು. ಅಂಗಡಿಯ ತೋಟೆ ಒಂದಕ್ಕೆ ಸುಮಾರು ಅರ್ಧ ಡಾಲರೆಂದರೂ 90 ಡಾಲರು ಅರ್ಧ ದಿನದಲ್ಲಿ ಹೊಗೆಯಾಗಿ ಹೋಯಿತು. ವಾರಕ್ಕೆ ನೂರರಂತೆ ಅಭ್ಯಾಸ ಮಾಡಿದರೆ ವರ್ಷಕ್ಕೆ 5200 ತೋಟೆ, 2600 ಡಾಲರು. ಐನೂರು ಡಾಲರಿನ ಪಿಸ್ತೂಲು ಒಂದು ಸಾವಿರ ತೋಟೆಗೆ ಸಮ. ಅಂಗಡಿಯವನು ಈ ಲೆಕ್ಕವನ್ನು ಗಿರಾಕಿಗೆ ಹೇಳುವುದಿಲ್ಲ.

ಹೀಗಿರುವಾಗ ಮೂರು ಸಾವಿರದ ಪಿಸ್ತೂಲಿಗೆ ಕಂತು ಕಟ್ಟುವವನು ತೋಟೆಗೆ ಎಲ್ಲಿಂದ ತಂದಾನು? ತಿಂಗಳಿಗೊಮ್ಮೆ ಪೆಟ್ಟಿಗೆ ತೆಗೆದು, ಎಣ್ಣೆ ಒರೆಸಿ, ಮತ್ತೆ ಒಳಗಿಡುತ್ತಾನೆ. ಪಕ್ಕದ ಸಾಲಿನಲ್ಲಿ ಹಳೆಯ ಪಿಸ್ತೂಲು ಹಿಡಿದು ವಾರ ತಪ್ಪದೆ ಹೊಡೆಯುವ ಮುದುಕ ಅವನನ್ನು ಸೋಲಿಸುತ್ತಾನೆ.

ಈ ಪಿಸ್ತೂಲಿನ ಚರಿತ್ರೆಯನ್ನು ಎರಡು ಮಾತಿನಲ್ಲಿ ಹೇಳದೆ ಬಿಡಲಾರೆವು. ಅಮೆರಿಕ 1898ರಲ್ಲಿ ಫಿಲಿಪ್ಪೀನ್ಸಿಗೆ ಕಾಲಿಟ್ಟಿತು. ದಕ್ಷಿಣ ದ್ವೀಪಗಳ ಮೋರೋ ಜನ ಸುಲಭಕ್ಕೆ ಬಗ್ಗಲಿಲ್ಲ; .38 ರಿವಾಲ್ವರಿನ ಗುಂಡು ತಗುಲಿದರೂ ನಿಲ್ಲದೆ ಮೇಲೇರಿ ಬರುತ್ತಾರೆಂದು ಸೈನಿಕ ಅಧಿಕಾರಿಗಳು ದೂರಿದರು. 1904ರಲ್ಲಿ ಥಾಂಪ್ಸನ್, ಲಾಗಾರ್ಡ್ ಎಂಬ ಇಬ್ಬರು ಅಧಿಕಾರಿಗಳು ಷಿಕಾಗೋದ ಕಸಾಯಿಖಾನೆಯಲ್ಲಿ ದನಗಳ ಮೇಲೆ ಗುಂಡು ಹಾರಿಸಿ, ಹೆಣಗಳ ಮೇಲೂ ಪರೀಕ್ಷೆ ನಡೆಸಿ, .45ಕ್ಕಿಂತ ಸಣ್ಣದು ಸಾಲದೆಂದು ವರದಿ ಕೊಟ್ಟರು. ಜಾನ್ ಬ್ರೌನಿಂಗ್ ರೂಪಿಸಿದ ಪಿಸ್ತೂಲನ್ನು ಸೈನ್ಯ 1911ರಲ್ಲಿ ಅಂಗೀಕರಿಸಿತು. ಆ ಇಸವಿಯೇ ಅದರ ಹೆಸರಾಯಿತು. 1985ರಲ್ಲಿ ಬೆರೆಟ್ಟಾ ಆರಿಸುವವರೆಗೆ ಅದೇ ಸೈನ್ಯದ ಪಿಸ್ತೂಲು. ಎರಡನೆಯ ಮಹಾಯುದ್ಧದಲ್ಲಿ ಇದನ್ನು ಟೈಪ್‌ರೈಟರ್ ಮಾಡುವ ರೆಮಿಂಗ್ಟನ್ ರ‍್ಯಾಂಡ್, ರೈಲ್ವೆ ಸಿಗ್ನಲ್ ಮಾಡುವ ಯೂನಿಯನ್ ಸ್ವಿಚ್ ಕಂಪನಿಗಳೂ ತಯಾರಿಸಿದವು. ನಮ್ಮ ಮನೆಗಳ ಹೊಲಿಗೆ ಯಂತ್ರದ ಸಿಂಗರ್ ಕಂಪನಿ ಸಹ 500 ಮಾಡಿಕೊಟ್ಟಿತು. ಇಂದು ಕಡಿಮೆ ಬೆಲೆಗೆ ಸಿಗುವ ಭರವಸೆಯ 1911 ಎಲ್ಲಿಂದ ಬರುತ್ತದೆ? ಮನಿಲಾದ ಪಕ್ಕದ ಮರಿಕಿನಾ ಪಟ್ಟಣದಿಂದ. ಯಾರನ್ನು ಬಗ್ಗಿಸಲು ಇಷ್ಟು ದಪ್ಪ ಗುಂಡು ಬೇಕೆಂದರೋ ಅದೇ ದೇಶದ ಕೂಲಿಕಾರರು ಅದನ್ನು ತಯಾರಿಸಿ ಅಮೆರಿಕದವರಿಗೆ ಮಾರುತ್ತಿದ್ದಾರೆ. ಮರಿಕಿನಾ ಚಪ್ಪಲಿ ಬೂಟುಗಳಿಗೂ ಹೆಸರಾದ ಊರು.

ಅದು ಆರ್ಮ್ಸ್‌ಕಾರ್ ಕಾರ್ಖಾನೆಯ ಮಾಲು. ಅಮೆರಿಕದಲ್ಲಿ ರಾಕ್ ಐಲೆಂಡ್ ಎಂಬ ಹೆಸರಿನಲ್ಲಿ ಬಿಕರಿಯಾಗುತ್ತದೆ. ಸಾದಾ ನಮೂನೆ ಐನೂರು ಡಾಲರಿನ ಆಚೀಚೆ. ತುರ್ಕಿಯ ಟಿಸಾಸ್ ಪಿಸ್ತೂಲೂ ಅದೇ ದರದ ಹತ್ತಿರ. ಇವೆರಡರಲ್ಲಿ ಒಂದನ್ನು, ಅಥವಾ ಗುರಿಗೆಂದೇ ಬಳಸಿದ ಒಂದು ಸೆಕೆಂಡ್‌ಹ್ಯಾಂಡ್ ಪಿಸ್ತೂಲನ್ನು ಕೊಳ್ಳಿ ಎಂಬುದು ನಮ್ಮ ಸಲಹೆ. ಐದು ಅಂಗುಲದ ನಳಿಗೆಯಿರಲಿ, ಪೂರಾ ಉಕ್ಕಿನದಿರಲಿ. ಜೇಬಿಗೆಂದು ಮಾಡಿದ ಗಿಡ್ಡ ಪಿಸ್ತೂಲು ಗುರಿಯ ಆಟಕ್ಕೆ ಬೇಡವೇ ಬೇಡ. ಹಿಂದಿನ ಸೈಟು ತಿರುಪಿನಿಂದ ಅತ್ತಿತ್ತ, ಮೇಲೆ ಕೆಳಗೆ ಸರಿಸುವಂಥದಾಗಿರಲಿ. ನೂರು ಡಾಲರು ಹೆಚ್ಚಾದರೂ ಇದಕ್ಕೆ ಜಿಪುಣತನ ಸಲ್ಲದು. ಗುರಿಯವರು ಹಗುರ ತೋಟೆ ಬಳಸುತ್ತಾರೆ. ಸೈನ್ಯದ ಗುಂಡು 230 ಗ್ರೇನು, ಎಂದರೆ ಸುಮಾರು ಒಂದೂಕಾಲು ತೊಲ. ಗುರಿಯದು 185 ಗ್ರೇನು, ಹೆಚ್ಚು ಕಡಿಮೆ ಒಂದು ತೊಲ. ತೋಟೆ ಬದಲಾದಾಗ ಗುಂಡು ಬೀಳುವ ಜಾಗವೂ ಬದಲಾಗುತ್ತದೆ. ಸೈಟು ಕದಲದಿದ್ದರೆ ಆಟಗಾರ ಅಂದಾಜಿನ ಮೇಲೆ ಬದುಕಬೇಕು.

ಸೈನ್ಯದ ಹಳೆಯ ಪಿಸ್ತೂಲುಗಳನ್ನೇ 2018ರಿಂದ ಸಿವಿಲಿಯನ್ ಮಾರ್ಕ್ಸ್‌ಮನ್‌ಷಿಪ್ ಪ್ರೋಗ್ರಾಂ ಎಂಬ ಸಂಸ್ಥೆ ಚೀಟಿ ಎತ್ತಿ ಮಾರತೊಡಗಿತು. ಆಗಿನ ದರ 850ರಿಂದ 1050 ಡಾಲರು. ಅದು ನೆನಪಿನ ವಸ್ತು. ಕಿರಿದಾದ ಸೈಟು, ಸಡಿಲ ಜೋಡಣೆ. ಕೆಸರಿನಲ್ಲಿ ಬಿದ್ದರೂ ಕೆಲಸ ಮಾಡಲೆಂದು ಸಡಿಲ ಬಿಟ್ಟದ್ದು ಹಲಗೆಯ ಮುಂದೆ ಉಪಕಾರಕ್ಕೆ ಬಾರದು. ಇನ್ನೊಂದು ಮೋಸ ಹೆಸರಿನದು. ಸ್ಪ್ರಿಂಗ್‌ಫೀಲ್ಡಿನ ಸರ್ಕಾರಿ ಶಸ್ತ್ರಾಗಾರ 1968ರಲ್ಲೇ ಮುಚ್ಚಿತು. ಆ ಹೆಸರನ್ನು ಆಮೇಲೆ ಒಂದು ಖಾಸಗಿ ಕಂಪನಿ ಇಟ್ಟುಕೊಂಡಿತು. ಪಿಸ್ತೂಲು ಕೆಟ್ಟದ್ದೆಂದು ನಾವು ಹೇಳುತ್ತಿಲ್ಲ, ಸರ್ಕಾರಿ ಮಾಲೆಂದು ತಿಳಿದು ಹೆಚ್ಚು ಹಣ ಕೊಡಬೇಡಿ.

ಹಳೆಯದನ್ನು ಕೊಳ್ಳುವಾಗ ಲೇತು ಬಲ್ಲ ಕೈಗೆ ಪರೀಕ್ಷೆ ಕಷ್ಟವಲ್ಲ. ಮ್ಯಾಗಜೀನು ತೆಗೆದು, ನಳಿಗೆ ಖಾಲಿಯೆಂದು ಕಣ್ಣಾರೆ ನೋಡಿ, ಸ್ಲೈಡು ಮುಚ್ಚಿ, ಮೇಲಿನ ಕಿಂಡಿಯಲ್ಲಿ ಕಾಣುವ ನಳಿಗೆಯ ಹಿಂಭಾಗವನ್ನು ಹೆಬ್ಬೆರಳಿನಿಂದ ಒತ್ತಿ ನೋಡಿ. ಸ್ಪ್ರಿಂಗಿನಂತೆ ಕೆಳಗಿಳಿದು ಮೇಲೆದ್ದರೆ ಜೋಡಣೆ ಸರಿಯಿಲ್ಲ. ನಳಿಗೆಯ ಮೂತಿ ಬುಷಿಂಗಿನಲ್ಲಿ ಅಲ್ಲಾಡಬಾರದು. ಟ್ರಿಗರಿಗೆ ಮೂರೂವರೆ ಪೌಂಡು ತೂಕ ನೇತುಹಾಕಿ ಎತ್ತಿದರೂ ಹ್ಯಾಮರ್ ಬೀಳಬಾರದು. ಪಂದ್ಯದ ನಿಯಮವೇ ಅದು. ಅದಕ್ಕಿಂತ ಹಗುರವಿದ್ದರೆ ಯಾರೋ ಅರೆಬೆಂದ ಕಮ್ಮಾರ ಒಳಗೆ ಅರ ತೀಡಿದ್ದಾನೆಂದೇ ಅನುಮಾನಿಸಬೇಕು. ತೋಟೆ ಸಿಕ್ಕಿಕೊಳ್ಳುತ್ತದೆಂದು ದೂರುವ ಮೊದಲು ಮ್ಯಾಗಜೀನು ಬದಲಿಸಿ ನೋಡಿ. ಎಷ್ಟೋ ಸಲ ದೋಷ ಅಲ್ಲಿರುತ್ತದೆ.

"ಅಗ್ಗದ್ದು ಕೊಂಡವನು ಎರಡು ಸಲ ಕೊಳ್ಳುತ್ತಾನೆ" ಎಂದು ಕ್ಲಬ್ಬಿನ ಹಿರಿಯರು ಹೇಳುತ್ತಾರಂತೆ. ಇದರಲ್ಲಿ ಹುರುಳಿಲ್ಲದೆ ಇಲ್ಲ. ಸಾದಾ ಪಿಸ್ತೂಲನ್ನು ಬಿಗಿಯಾಗಿ ಕಚ್ಚಿ ನಿಲ್ಲಿಸಿ ಹಾರಿಸಿದರೂ 50 ಗಜದಲ್ಲಿ ಎಲ್ಲ ಗುಂಡನ್ನೂ ಆ ಬಟ್ಟಲಿನೊಳಗೆ ಇಡಲಾರದು; ಒಳ್ಳೆಯ ಕಸುಬುದಾರ ಜೋಡಿಸಿದ್ದು ಇಡುತ್ತದೆ. ಆದರೆ ಮೊದಲ ಎರಡು ವರ್ಷ ಹೊಸಬನ ಕೈ ಪಿಸ್ತೂಲಿಗಿಂತ ಹೆಚ್ಚು ಅಲ್ಲಾಡುತ್ತದೆ. ಒಂದು ಕಿಲೋ ಮೀರಿದ ತೂಕವನ್ನು ಒಂಟಿ ಕೈಯಲ್ಲಿ ನೀಡಿ ಹಿಡಿದು ನೋಡಿದರೆ ತಿಳಿದೀತು. ನಿಮ್ಮ ಕೈ ಪಿಸ್ತೂಲನ್ನು ಮೀರಿಸಿದ ದಿನ ನಳಿಗೆ, ಬುಷಿಂಗುಗಳನ್ನು ಬದಲಿಸಿ ಹೊಂದಿಸಿಕೊಳ್ಳಿ. 1911ರ ದೊಡ್ಡ ಗುಣವೇ ಅದು. ಬಿಡಿಭಾಗ ಎಲ್ಲೆಡೆ ಸಿಗುತ್ತದೆ, ಒಂದೊಂದಾಗಿ ಸುಧಾರಿಸಬಹುದು.

ಉಳಿದ ಹಣದಲ್ಲಿ ಒಂದು ಹಳೆಯ .22 ಪಿಸ್ತೂಲು. ಪಂದ್ಯಕ್ಕೆ ಅದು ಹೇಗೂ ಬೇಕು, ತೋಟೆಯ ಬೆಲೆ.45ರದರ ಐದನೇ ಒಂದು ಭಾಗ ಮೀರದು. ಆಮೇಲೆ ತೋಟೆ ತುಂಬುವ ಒಂದು ಕೈಯಂತ್ರ. .45ರಲ್ಲಿ ಮದ್ದಿನ ಒತ್ತಡ ಕಡಿಮೆ, ಹಿತ್ತಾಳೆಯ ಕೊಳವೆಯನ್ನು ಹಲವು ಬಾರಿ ತುಂಬಬಹುದು; ಖರ್ಚು ಹೆಚ್ಚು ಕಡಿಮೆ ಅರ್ಧಕ್ಕೆ ಇಳಿಯುತ್ತದೆ. ಅಚ್ಚಾದ ಪಟ್ಟಿಯಲ್ಲಿರುವ ಅಳತೆಯನ್ನು ಒಂದು ಗ್ರೇನೂ ಮೀರಬೇಡಿ, ಸೀಸ ಮುಟ್ಟಿದ ಕೈಯನ್ನು ತೊಳೆಯದೆ ಮಗುವನ್ನು ಎತ್ತಿಕೊಳ್ಳಬೇಡಿ. ಇದೆಲ್ಲಕ್ಕಿಂತ ಅಗ್ಗವಾದದ್ದು ಬರಿಯ ಪಿಸ್ತೂಲಿನ ಅಭ್ಯಾಸ: ತೋಟೆಗಳನ್ನು ಬೇರೆ ಕೋಣೆಯಲ್ಲಿಟ್ಟು, ಬೋಳು ಗೋಡೆಯ ಕಡೆ ಹಿಡಿದು, ಸೈಟು ಕದಲದಂತೆ ಟ್ರಿಗರ್ ಎಳೆಯುವುದು. ದಿನಕ್ಕೆ ಹದಿನೈದು ನಿಮಿಷ, ಕಾಸಿನ ಖರ್ಚಿಲ್ಲ. 2024ರಲ್ಲಿ ಪ್ಯಾರಿಸಿನಿಂದ ಮನು ಭಾಕರ್ ಎರಡು ಕಂಚು ತಂದದ್ದು ಗಾಳಿ ಪಿಸ್ತೂಲಿನಲ್ಲಿ, ಅದಕ್ಕೆ ಮದ್ದೇ ಇಲ್ಲ.

ಪಿಸ್ತೂಲಿಗಿಂತ ಮೊದಲು ಬೀಗದ ಪೆಟ್ಟಿಗೆ ಕೊಳ್ಳಿ. ಅಂಗಡಿಯವನ ಕಂತಿನ ಕಾಗದಕ್ಕೆ ಇನ್ನೂ ಸಹಿ ಹಾಕಿಲ್ಲವೆಂದು ನಂಬಿದ್ದೇವೆ. ಮುಂದಿನ ಪತ್ರದಲ್ಲಿ ಯಾವ ಪಿಸ್ತೂಲು ಕೊಂಡಿರಿ ಎಂಬುದನ್ನು ಒಂದು ಸಾಲಿನಲ್ಲಿ ತಿಳಿಸಿದರೆ ಸಾಕು; ಎಷ್ಟು ತೋಟೆ ಹಾರಿಸಿದಿರಿ, ಎಷ್ಟು ಬಟ್ಟಲಿನೊಳಗೆ ಬಿದ್ದವು ಎಂಬುದನ್ನು ವಿವರವಾಗಿ ಬರೆಯಿರಿ.