ತೊಡೆಸಂದಿನ ಬಾವನ್ನು ಮುಚ್ಚಿಡಬಾರದು

ಎತ್ತಿನ ಕಾಲಿಗೆ ಬಾವು ಬಂದರೆ ಅದೇ ದಿನ ದನದ ದವಾಖಾನೆಗೆ ಹೋಗುವ ನಮ್ಮ ರೈತನು, ತನ್ನ ತೊಡೆಸಂದಿನಲ್ಲಿ ಲಿಂಬೆಹಣ್ಣಿನಷ್ಟು ಬಾವು ಎದ್ದರೆ ಲಂಗೋಟಿ ಬಿಗಿದು ವರ್ಷಗಟ್ಟಲೆ ಮುಚ್ಚಿಕೊಳ್ಳುವನು. ಜತ್ತ, ಅಕ್ಕಲಕೋಟೆ ಸೀಮೆಯ ನಮ್ಮ ಹಳ್ಳಿಗರು ಅಂಡವಾಯು ಎನ್ನುವುದನ್ನೇ ಡಾಕ್ಟರರು ಹರ್ನಿಯಾ ಎನ್ನುವರು. ಇದು ನಾಚಿಕೆಯ ರೋಗವಲ್ಲ. ಬೇಗ ತೋರಿಸಿದರೆ ವಾಸಿಯಾಗುವಂಥದು. ಮುಚ್ಚಿಟ್ಟರೆ ಜೀವಕ್ಕೇ ಸಂಚಕಾರ ತರಬಲ್ಲದು.

ಹೊಟ್ಟೆಯ ಕೆಳಭಾಗದ ಪದರು ಒಂದೆಡೆ ಸಡಿಲಾಗಿ, ಹರಿದ ಚೀಲದಿಂದ ಜೋಳ ಇಣುಕಿದಂತೆ ಕರುಳೋ ಕೊಬ್ಬೋ ಹೊರಗೆ ನುಗ್ಗುವುದೇ ಹರ್ನಿಯಾ. ಕೆಲವರಿಗೆ ಹುಟ್ಟಿನಿಂದಲೇ ಆ ದಾರಿ ಇರುತ್ತದೆ. ಭಾರದ ಹೊರೆ, ಬಹುಕಾಲದ ಕೆಮ್ಮು, ಮಲಬದ್ಧತೆಯ ತಿಣುಕಾಟ ಅದನ್ನು ಹೆಚ್ಚಿಸಬಲ್ಲವು. ನಿಂತಾಗ, ಕೆಮ್ಮಿದಾಗ ಬಾವು ಏಳುತ್ತದೆ. ಅಂಗಾತ ಮಲಗಿದರೆ ಒಳಸರಿಯುತ್ತದೆ. ಇದೇ ಮುಖ್ಯ ಗುರುತು. ಜೀವಮಾನದಲ್ಲಿ 100 ಗಂಡಸರಲ್ಲಿ ಸುಮಾರು 27 ಮಂದಿಗೆ, 100 ಹೆಂಗಸರಲ್ಲಿ ಸುಮಾರು 3 ಮಂದಿಗೆ ಇದು ಬರುವುದೆಂದು ಅಂದಾಜು. ಹೆಂಗಸರಲ್ಲಿ ತೊಡೆಯ ಬುಡದಲ್ಲಿ ಏಳುವ ಬಾವು ಸಿಕ್ಕಿಕೊಳ್ಳುವ ಭಯ ಹೆಚ್ಚು. ಆದುದರಿಂದ ತಾಯಂದಿರು ತಡಮಾಡಲೇಬಾರದು.

ತಾಲೀಮಿನ ಪೈಲವಾನರಿಗೂ ಹುತುತು ಆಡುವ ಹುಡುಗರಿಗೂ ಬರುವ ನೋವು ಬೇರೊಂದುಂಟು. ಅಲ್ಲಿ ಬಾವು ಕಾಣದು. ಓಡುವಾಗ, ಥಟ್ಟನೆ ಹೊರಳುವಾಗ ತೊಡೆಸಂದಿನಲ್ಲಿ ಹಿಡಿದಂತಾಗುತ್ತದೆ. ವಿಶ್ರಾಂತಿ ಪಡೆದರೆ ಇಳಿದು, ಆಟಕ್ಕಿಳಿದರೆ ಮರಳುತ್ತದೆ. ಇದಕ್ಕೆ ಸ್ಪೋರ್ಟ್ಸ್ ಹರ್ನಿಯಾ ಎಂಬ ಹೆಸರಿದ್ದರೂ ಕರುಳು ಹೊರಬಂದಿರುವುದಿಲ್ಲ. ಸ್ನಾಯುಗಳು ಎಳೆದು ಪೆಟ್ಟಾಗಿರುತ್ತವೆ. ಆರೆಂಟು ವಾರ ವಿಶ್ರಾಂತಿ, ತಿಳಿದವರು ಹೇಳಿಕೊಟ್ಟ ವ್ಯಾಯಾಮ, ಇವೇ ಮೊದಲ ಉಪಾಯ. ಅದಕ್ಕೂ ಬಗ್ಗದಿದ್ದರೆ ಸರ್ಜನರನ್ನು ಕಾಣತಕ್ಕದ್ದು. ನೋವಿರುವ ಹುಡುಗನನ್ನು ಉಸ್ತಾದರು ಕುಸ್ತಿಗೆ ಇಳಿಸಬಾರದು.

ನಿಜವಾದ ಹರ್ನಿಯಾದ ಕಂಡಿಯನ್ನು ಬರೆ ಮುಚ್ಚದು, ಬೇರಿನ ಲೇಪ ಮುಚ್ಚದು, ಸೊಂಟಪಟ್ಟಿಯೂ ಮುಚ್ಚದು. ಶಸ್ತ್ರಕ್ರಿಯೆಯೊಂದೇ ದಾರಿ. ತೊಂದರೆ ಕೊಡದ ಸಣ್ಣ ಬಾವಿದ್ದ ಗಂಡಸಿಗೆ ಕೆಲಕಾಲ ಕಾಯಲು ಡಾಕ್ಟರರು ಹೇಳುವುದುಂಟು. ಆದರೆ ತೋರಿಸಿ ಕಾಯುವುದು ಬೇರೆ, ಮುಚ್ಚಿಟ್ಟು ಕಾಯುವುದು ಬೇರೆ.

ಬಡತನದ ಮಾತು ಬರುವುದು ಸಹಜ. ಕಂಡಿಗೆ ಹೊಲಿಯುವ ಜಾಲರಿ ದುಬಾರಿಯೆಂದು ಇದೇ ಮಹಾರಾಷ್ಟ್ರದ ಧುಳೆ ಜಿಲ್ಲೆಯ ದೊಂಡಾಯಿಚೆಯ ಡಾ. ರವೀಂದ್ರನಾಥ ಟೊಂಗಾಂವಕರರು ಶುದ್ಧೀಕರಿಸಿದ ಸೊಳ್ಳೆಪರದೆಯ ಬಟ್ಟೆಯನ್ನೇ ಬಳಸಿ, ಆ ಅನುಭವವನ್ನು 2003ರಲ್ಲಿ ಪ್ರಕಟಿಸಿದರು. ಉಗಾಂಡಾದಲ್ಲಿ 302 ಗಂಡಸರ ಮೇಲೆ ನಡೆದು 2016ರಲ್ಲಿ ಪ್ರಕಟವಾದ ಪರೀಕ್ಷೆಯಲ್ಲಿ ಇಂಥ ಅಗ್ಗದ ಜಾಲರಿಯು ಒಂದು ವರ್ಷದ ಮಟ್ಟಿಗೆ ದುಬಾರಿಯದಕ್ಕೆ ಸರಿಸಾಟಿಯಾಯಿತು. ಬಡವನಿಗಾಗಿ ಯೋಚಿಸುವ ಡಾಕ್ಟರರು ಇದ್ದಾರೆ. ಬಡವನೂ ಅವರ ಬಾಗಿಲಿಗೆ ಹೋಗಬೇಕು. ರೇಶನ್ ಕಾರ್ಡು, ಆಧಾರ ಹಿಡಿದು ಸರಕಾರಿ ದವಾಖಾನೆಗೆ ಹೋಗಿ, ಯಾವ ಯೋಜನೆಯಲ್ಲಿ ಕೂಡುವುದೆಂದು ಕೇಳಿರಿ.

ಅಲ್ಲಿ ಮರಾಠಿ ಬಾರದೆಂದು ನಮ್ಮವರು ಬಾಯಿ ಕಟ್ಟಿ ಕೂಡುವುದುಂಟು. ಮರಾಠಿಯಲ್ಲಿ ಹರ್ನಿಯಾಕ್ಕೆ 'ಅಂತರ್ಗಳ', ತೊಡೆಸಂದಿಗೆ 'ಜಾಂಘ' ಎನ್ನುವರು. ಈ ಎರಡು ಮಾತು ಸಾಕು. ಉಳಿದುದನ್ನು ಬೆರಳು ತೋರಿಸುವುದು.

ಇನ್ನೊಂದು ಎಚ್ಚರಿಕೆ. ಬಾವು ಗಟ್ಟಿಯಾಗಿ ಒಳಗೆ ಹೋಗದೆ ನಿಂತು, ನೋವು ಏರಿ, ವಾಂತಿಯಾಗಿ, ಮಲವಾಯು ಕಟ್ಟಿದರೆ ಕರುಳು ಸಿಕ್ಕಿಕೊಂಡಿದೆ ಎಂದು ತಿಳಿಯಿರಿ. ಬಲವಂತವಾಗಿ ಒತ್ತಬೇಡಿರಿ, ಉಣಿಸಬೇಡಿರಿ, ಬೆಳಗಾಗಲೆಂದು ಕಾಯಬೇಡಿರಿ. ರಕ್ತ ಸಂಚಾರ ನಿಂತ ಕರುಳು ತಾಸುಗಳಲ್ಲಿ ಕೊಳೆಯತೊಡಗುತ್ತದೆ.

ಕಬ್ಬಿನ ಕಟಾವು ಮುಗಿಯಲಿ, ಸುಗ್ಗಿ ಕಳೆಯಲಿ ಎಂದು ಮುಂದೂಡುವವರಿಗೆ ನಮ್ಮ ಮಾತಿಷ್ಟೇ: ಶಸ್ತ್ರಕ್ರಿಯೆಯಾದವನು ಸಾಮಾನ್ಯವಾಗಿ ಒಂದೆರಡು ದಿನದಲ್ಲಿ ಅಡ್ಡಾಡುವನು, ನಾಲ್ಕಾರು ವಾರ ಮಾತ್ರ ಭಾರ ಎತ್ತಬಾರದು. ಬಿತ್ತಿಗೆಗೆ ಮುಂಚಿನ ಬಿಡುವಿನಲ್ಲೇ ಈ ಕೆಲಸ ಮುಗಿಸಿಕೊಂಡರೆ ಹೊಲವೂ ಉಳಿದೀತು, ಹೊಲದ ಒಡೆಯನೂ ಉಳಿದಾನು.